ನೀರಿಗೆ ಅಡ್ಡ ಬಂದ ಪ್ಯಾಂಟು

ಭಾಸ್ಕರಣ್ಣನ ಕಾಲನ್ನು ನಾನು ತುಳಿದದ್ದು ನಿಜವೇ ಎಂದು ಯಾರಾದರೂ ಈಗ ಆಣೆ ಹಾಕಿಸಿ ಕೇಳಿದರೆ ಹಿಂದೆಮುಂದೆ ನೋಡುತ್ತೇನೆ. ತುಳಿದ ನೆನಪೇನೋ ಸ್ಪಷ್ಟವಾಗಿದೆ. ಗಲ್ಫಿನ ಈ ದ್ವೀಪದ ಹೂರಾ ಬಡಾವಣೆಯಲ್ಲಿ ನಮ್ಮ ಮೂರನೇ ಮಹಡಿಯ ಫ್ಲ್ಯಾಟು. ಶುಕ್ರವಾರ ಮಧ್ಯಾಹ್ನ. ಟೀವಿಯ ಮುಂದೆ ಹಾಸಿದ ಕೆಂಪು ಜಮಖಾನೆಯ ಮೇಲೆ ಗ್ಯಾರೇಜಿನ ಕಪ್ಪು ಬೂಟು ಹಾಕಿಕೊಂಡು ಭಾಸ್ಕರಣ್ಣ ನಿಂತಿದ್ದಾರೆ. “ತುಳೀರಿ ಮಾಷ್ಟ್ರೇ, ಹೆದ್ರಬೇಡಿ” ಎನ್ನುತ್ತಾರೆ. ನಾನು ತುಳಿಯುತ್ತೇನೆ. ಬೂಟಿನ ಮೂತಿಯೊಳಗೆ ಕಬ್ಬಿಣದ ಟೋಪಿ ಇರುವುದರಿಂದ ಪೆಟ್ಟಾದದ್ದು ನನ್ನ ಬರಿಗಾಲಿಗೆ. ಇಬ್ಬರೂ ಒಟ್ಟಿಗೇ “ಸಾರಿ” ಎನ್ನುತ್ತೇವೆ.

ಇಷ್ಟು ಅಚ್ಚುಕಟ್ಟಾದ ನೆನಪಿಗೆ ಒಂದೇ ಒಂದು ತೊಡಕು. ನಮ್ಮ ಮನೆಯೊಳಗೆ ಇಂದಿನವರೆಗೆ ಯಾರೂ ಕಾಲಲ್ಲಿ ಏನನ್ನಾದರೂ ಹಾಕಿಕೊಂಡು ಬಂದದ್ದಿಲ್ಲ. ನನ್ನ ಹೆಂಡತಿ ವಿಮಲಾ ಏಸಿ ರಿಪೇರಿಗೆ ಬಂದವರನ್ನೂ ಬಾಗಿಲಲ್ಲೇ ನಿಲ್ಲಿಸಿ ಬೂಟು ಬಿಚ್ಚಿಸಿದವಳು. ಕಟ್ಟಡದ ಯಜಮಾನ, ಅರಬ್ ಮುದುಕ, ಬಾಡಿಗೆ ಒಪ್ಪಂದಕ್ಕೆ ಬಂದಾಗಲೂ ತಾನಾಗಿಯೇ ಚಪ್ಪಲಿ ಬಿಟ್ಟು ಬಂದಿದ್ದ. ಅಂದಮೇಲೆ ಭಾಸ್ಕರಣ್ಣನ ಬೂಟು ಜಮಖಾನೆಯ ಮೇಲೆ ಬಂದದ್ದು ಹೇಗೆ? ಬೂಟು ಸುಳ್ಳಾದರೆ ನನ್ನ ಕಾಲಿನ ನೋವೂ ಸುಳ್ಳು. ನೋವು ಸುಳ್ಳಾದರೆ ತುಳಿದದ್ದೂ ಸುಳ್ಳೇ? ಅಥವಾ ಬೂಟನ್ನು ಟುಬ್ಲಿಯ ಅವರ ಗ್ಯಾರೇಜಿನಲ್ಲಿ ನೋಡಿ, ಯಾವತ್ತೋ ಅನಾಮತ್ತಾಗಿ ಎತ್ತಿ ತಂದು ನಮ್ಮ ಜಮಖಾನೆಯ ಮೇಲೆ ಇಟ್ಟವನು ನಾನೇ ಇರಬೇಕು.

ಓದುಗರಿಗೆ ಇದು ಅತಿ ಅನ್ನಿಸಬಹುದು. ಏನು ಮಾಡಲಿ, ನನ್ನ ಹೊಟ್ಟೆಪಾಡೇ ಅನುಮಾನ. ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡಿ, ಒಂದು ವರ್ಷ ಅರೆಕಾಲಿಕ ಮೇಷ್ಟ್ರಾಗಿದ್ದು, ಕಡೆಗೆ ಬಂದು ಸೇರಿದ್ದು ಮನಾಮದ ಒಂದು ವಿಮಾ ಕಂಪನಿಯ ಕ್ಲೇಮು ವಿಭಾಗಕ್ಕೆ. ಕಾರು ಗುದ್ದಿಸಿಕೊಂಡವರು ಹೇಳುವ ಕತೆ ಕೇಳುವುದು, ಆ ಕತೆಗೂ ಬಂಪರಿನ ಗಾಯಕ್ಕೂ ಹೊಂದುತ್ತದೆಯೇ ಎಂದು ನೋಡುವುದು, ಹೊಂದದಿದ್ದರೆ ಇನ್ನೊಂದು ಫೋಟೋ ಕೇಳುವುದು. ಭಾಸ್ಕರಣ್ಣನ ಪರಿಚಯವಾದದ್ದೂ ಹಾಗೆಯೇ. ಟುಬ್ಲಿಯಲ್ಲಿ ಅವರದ್ದೊಂದು ಗ್ಯಾರೇಜು. ಜಜ್ಜಿದ ಕಾರೊಂದನ್ನು ಪರೀಕ್ಷಿಸಲು ನಾನು ಹೋದಾಗ, ಅಡಿಯಿಂದ ಹೊರಗೆ ಜಾರಿ ಬಂದು, ನನ್ನ ಮುಖ ನೋಡಿ, “ಕನ್ನಡದವ್ರಾ? ಹಾಗಾದ್ರೆ ಸತ್ಯ ಹೇಳ್ತೇನೆ. ಈ ಬಾಗಿಲಿನ ಪೆಟ್ಟು ಹಳೇದು” ಎಂದಿದ್ದರು. ತನ್ನದೇ ಗ್ರಾಹಕನ ವಿರುದ್ಧ ಸಾಕ್ಷಿ ಹೇಳಿದ ಗ್ಯಾರೇಜಿನವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಉಡುಪಿಯ ಕಡೆಯವರು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ನನಗಿಂತ ಆರೇಳು ವರ್ಷ ದೊಡ್ಡವರು. ನಾನು ಒಂದು ವರ್ಷ ಪಾಠ ಹೇಳಿದ್ದೆ ಎಂದು ತಿಳಿದ ದಿನದಿಂದ ಅವರಿಗೆ ನಾನು ‘ಮಾಷ್ಟ್ರು’.

ಇನ್ನು ಆ ಡಿವಿಡಿಗಳ ಸಂಗತಿ. ಈ ದ್ವೀಪವನ್ನು ಯಾರಾದರೂ ಬಿಟ್ಟು ಹೊರಟರೆ ಅವರ ಮನೆಯ ಅರ್ಧ ಸಾಮಾನು ಉಳಿದವರ ಮನೆ ಸೇರುತ್ತದೆ. ಅದೊಂದು ಪದ್ಧತಿ. ನಮ್ಮ ಮನೆಯ ಇಸ್ತ್ರಿ ಮೇಜು ಒಬ್ಬ ಗೋವೆಯವರದ್ದು, ಇಡ್ಲಿ ಪಾತ್ರೆ ಮಧುರೆಯವರದ್ದು. ಹಾಗೆ ಆಫೀಸಿನ ಒಬ್ಬ ಇಂಗ್ಲಿಷ್ ಮ್ಯಾನೇಜರು ಊರಿಗೆ ಹೊರಟಾಗ ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅದರಲ್ಲಿ ಟೀ ಪಾತ್ರೆಗೆ ತೊಡಿಸುವ ಉಣ್ಣೆಯ ಟೋಪಿ, ಮುಕ್ಕಾಲು ಖಾಲಿಯಾದ ಕಿತ್ತಳೆ ಸಿಪ್ಪೆಯ ಜಾಮು, ಮತ್ತು ರಬ್ಬರ್ ಬ್ಯಾಂಡು ಸುತ್ತಿದ ಎರಡು ಡಿವಿಡಿ ಇದ್ದವು. ವಾರದ ರಜೆ ಗುರುವಾರ–ಶುಕ್ರವಾರದಿಂದ ಶುಕ್ರವಾರ–ಶನಿವಾರಕ್ಕೆ ಬದಲಾದ ಹೊಸತು. ಹೊಸ ಶನಿವಾರವನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ಎಲ್ಲರೂ ಟೀವಿ ನೋಡುತ್ತಿದ್ದ ಕಾಲ.

ಡಿವಿಡಿಯಲ್ಲಿದ್ದದ್ದು ಬ್ರಿಟಿಷ್ ಟೀವಿಯ ಚಿಕ್ಕ ಚಿಕ್ಕ ನಗೆ ಪ್ರಸಂಗಗಳು. ಹೆಚ್ಚಿನವು ಅವರ ದೇಶದ ದೊಡ್ಡ ಖಾಸಗಿ ಶಾಲೆಗಳನ್ನೂ ಅಲ್ಲಿ ಓದಿ ಬಂದವರನ್ನೂ ಗೇಲಿ ಮಾಡುವಂಥವು. ಕಪ್ಪು ನಿಲುವಂಗಿಯ ಹೆಡ್‌ಮಾಸ್ಟರು, ಅರವತ್ತಾದರೂ ಶಾಲೆಯ ಟೈ ಬಿಚ್ಚದ ಮುದುಕರು, ಎದುರಿನವನು ಬಾಯಿ ತೆರೆದ ಕೂಡಲೇ ಇವನು ಯಾವ ಓಣಿಯವನು ಎಂದು ಅಳೆದುಬಿಡುವ ಹೆಂಗಸರು. ಒಂದು ಪ್ರಸಂಗ ನನಗೆ ಬಹಳ ಇಷ್ಟ. ಶಾಲೆಗೆ ಮಗನನ್ನು ಸೇರಿಸಲು ಅಪ್ಪನೊಬ್ಬ ಬರುತ್ತಾನೆ. ಹೊಸದಾಗಿ ದುಡ್ಡು ಕಂಡವನು. ಹೆಡ್‌ಮಾಸ್ಟರು ಹುಡುಗನನ್ನು ಏನೂ ಕೇಳುವುದಿಲ್ಲ. ಎದ್ದು ಬಂದು ಅಪ್ಪನ ಕಾಲನ್ನು ಬಲವಾಗಿ ತುಳಿಯುತ್ತಾನೆ. ಅಪ್ಪ ಅರಚುತ್ತಾನೆ. “ಸೀಟಿಲ್ಲ.” ಮುಂದಿನವನು ಏಳು ತಲೆಮಾರಿನ ಜಮೀನ್ದಾರ. ಹೆಡ್‌ಮಾಸ್ಟರು ಕಾಲೆತ್ತುವುದಕ್ಕೆ ಮೊದಲೇ “ಸಾರಿ” ಎನ್ನುತ್ತಾನೆ. “ಹುಡುಗ ನಾಳೆಯಿಂದಲೇ ಬರಲಿ.” ತನ್ನ ಕಾಲು ತುಳಿದವನಿಗೂ ತಾನೇ ಸಾರಿ ಹೇಳುವವನೇ ಅಸಲಿ ಕುಲೀನ ಎಂಬುದು ಅಲ್ಲಿಯ ಲೆಕ್ಕ.

ಅವರು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ಅದನ್ನೂ ನಾವು ಅವರ ದೊಡ್ಡಸ್ತಿಕೆಯ ಖಾತೆಗೇ ಸೇರಿಸುತ್ತಿದ್ದೆವು. “ನೋಡಿ, ಎಂಥಾ ಜನ, ತಮ್ಮನ್ನೇ ನೋಡಿ ನಗ್ತಾರೆ” ಎಂದು ನಾನೇ ಎಷ್ಟು ಸಲ ಹೇಳಿದ್ದೇನೋ. ಮನೆಯೊಳಗೆ ಕೂತವನಿಗೆ ಮನೆಯನ್ನು ನೋಡಿ ನಗುವುದು ಸುಲಭ, ಬಾಗಿಲಲ್ಲಿ ನಿಂತವನ ಕತೆ ಬೇರೆ ಎಂದು ಆಗ ಹೊಳೆದಿರಲಿಲ್ಲ. ನಾನು ಎಲ್ಲಿ ನಿಂತಿದ್ದೆ ಎಂಬುದೂ ಹೊಳೆದಿರಲಿಲ್ಲ.

ದಾವಣಗೆರೆಯಲ್ಲಿ ನಾನು ಓದಿದ್ದು ಮುನಿಸಿಪಾಲಿಟಿ ಶಾಲೆಯಲ್ಲಿ. ರಸ್ತೆಯ ಆಚೆ ಬದಿ ಕಾನ್ವೆಂಟು. ಸಾಯಂಕಾಲ ಗಂಟೆ ಹೊಡೆದ ಮೇಲೆ ನಾವು ಈಚೆಯಿಂದ “ಟಸ್ಸು ಪುಸ್ಸು ಕಾನ್ವೆಂಟು, ಬಾಯಿ ತುಂಬ ಪೆಪ್ಪರ್‌ಮೆಂಟು” ಎಂದು ಕೂಗಬೇಕು, ಅವರು ಆಚೆಯಿಂದ ಇಂಗ್ಲಿಷಿನಲ್ಲಿ ಏನೋ ಅನ್ನಬೇಕು, ನಮಗೆ ಅರ್ಥವಾಗಬಾರದು. ಇದು ದಿನದ ಕಾರ್ಯಕ್ರಮ. ಕೂಗುವವರ ಮುಂದಾಳು ನಾನೇ. ಆದರೆ ಪಕ್ಕದ ಮನೆಯ ಕಾನ್ವೆಂಟಿನ ಹುಡುಗ ಒಂದು ಭಾನುವಾರ ತನ್ನ ಟೈಯನ್ನು ನನಗೆ ಒಂದು ಗಂಟೆಯ ಮಟ್ಟಿಗೆ ಕೊಟ್ಟಿದ್ದ. ನಾನು ಅದಕ್ಕೆ ಬದಲಾಗಿ ನನ್ನ ಬುಗುರಿ ಕೊಟ್ಟಿದ್ದೆ. ಎಲಾಸ್ಟಿಕ್ಕಿನ ಟೈ ಅದು, ಗಂಟು ಮೊದಲೇ ಹಾಕಿದ್ದು. ಬರಿ ಬನೀನಿನ ಮೇಲೆ ಅದನ್ನು ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಅವ್ವ ಒಳಗೆ ಬಂದಳು. “ಯಾಕಪ್ಪಾ, ಬ್ಯಾಂಡ್‌ಸೆಟ್ಟಿಗೆ ಸೇರ್ಕಂಡ್ಯಾ?” ಎಂದು ಕೇಳಿ, ತನ್ನ ಕೆಲಸಕ್ಕೆ ಹೋದಳು. ಟೈ ಕೆಂಪೋ ನೀಲಿಯೋ ಈಗ ಹೇಳಲಾರೆ. ಎಲಾಸ್ಟಿಕ್ಕು ಕುತ್ತಿಗೆಗೆ ಬಿಗಿಯಾಗಿ, ತೆಗೆದ ಮೇಲೂ ಸ್ವಲ್ಪ ಹೊತ್ತು ಇದ್ದಂತೆಯೇ ಅನ್ನಿಸುತ್ತಿತ್ತು, ಅದು ಮಾತ್ರ ನೆನಪಿದೆ. ಇದಕ್ಕೆ ಸಾಕ್ಷಿಯಾಗಿ ಫೋಟೋ ಇಲ್ಲ. ನನ್ನದೇ ಆಫೀಸಿನ ನಿಯಮದ ಪ್ರಕಾರ ಈ ಕ್ಲೇಮು ತಿರಸ್ಕೃತ.

ಇದನ್ನೆಲ್ಲ ಈಗ ಹೇಳುತ್ತಿದ್ದೇನೆ. ಆಗ ಭಾಸ್ಕರಣ್ಣ ಮಗಳನ್ನು ಬ್ರಿಟಿಷ್ ಶಾಲೆಗೆ ಹಾಕಬೇಕೆಂದಿದ್ದೇನೆ ಎಂದಾಗ ನಾನು ಮಾತಾಡಿದ್ದು ಎಂ.ಎ. ಮಾಡಿದವನ ಹಾಗೆ. ಅಂಥ ಶಾಲೆಗಳು ಸಮಾಜವನ್ನು ಹೇಗೆ ಒಡೆಯುತ್ತವೆ, ಮಕ್ಕಳಿಗೆ ಬೇರು ಹೇಗೆ ತಪ್ಪುತ್ತದೆ ಎಂದು. ನಮ್ಮ ಮಗ ಇಂಡಿಯನ್ ಸಿಲಬಸ್ಸಿನ ಶಾಲೆಯಲ್ಲಿ, ಒಂದೊಂದು ತರಗತಿಗೆ ಸಂತೆಯಷ್ಟು ಮಕ್ಕಳ ನಡುವೆ ಓದುತ್ತಿದ್ದ. ಅದನ್ನು ನಾನು ತತ್ವ ಎಂದು ಕರೆಯುತ್ತಿದ್ದೆ.

ಭಾಸ್ಕರಣ್ಣ ಎಲ್ಲವನ್ನೂ ಕೇಳಿಸಿಕೊಂಡು, ವಿಮಲಾ ಕೊಟ್ಟ ಚಹಾ ಮುಗಿಸಿ, ಲೋಟ ಕೆಳಗಿಟ್ಟು ಹೇಳಿದರು: “ಎಂತಕ್ಕೆ ಅಂದ್ರೆ ಮಾಷ್ಟ್ರೇ, ಗಾಡಿ ಬಿಚ್ಚುದು ನಾನು. ಗ್ಯಾಸ್ಕೆಟ್ ಹೋಗಿದೆ ಅಂತ ಕಂಡುಹಿಡಿಯುದು ನಾನು. ಆ ಇಂಗ್ಲಿಷಿನವ ಬಂದವ ಮಾತಾಡುದು ಮಾತ್ರ ಕೌಂಟರಲ್ಲಿ ಕೂತ ನಮ್ಮ ಮ್ಯಾನೇಜರತ್ರ. ನಾನು ಅಲ್ಲೇ ನಿಂತಿರ್ತೇನೆ, ಒಂದು ಮಾರು ದೂರದಲ್ಲಿ. ‘ಬ್ರೇಕೂ ಸ್ವಲ್ಪ ನೋಡ್ಲಿಕ್ಕೆ ಅವನಿಗೆ ಹೇಳು’ ಅಂತಾನೆ, ನನ್ನನ್ನು ತೋರ್ಸಿ. ಗ್ಯಾರೇಜು ನಂದು ಮಾರಾಯ್ರೆ! ನನ್ನ ಹತ್ರವೇ ಹೇಳ್ಬಹುದಲ್ಲ? ನಾಳೆ ನನ್ನ ಮಗಳ ಹತ್ರ ಯಾರೂ ಹಾಗೆ ಮಾಡ್ಬಾರ್ದು. ಅಷ್ಟೇ. ಬೇರು ಗೀರು ಆಮೇಲೆ ನೋಡುವ.”

ಮಗಳು ಅಕ್ಷತಾಗೆ ಆಗ ಐದು ತುಂಬುತ್ತಿತ್ತು. ಆ ಶಾಲೆಯಲ್ಲಿ ಖಾಲಿ ಇದ್ದದ್ದು ಒಂದೇ ಸೀಟು, ಕಾಯುವವರ ಪಟ್ಟಿಯಲ್ಲಿ ಬಹಳ ಮಂದಿ. ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆಂದು ಸುದ್ದಿ. “ಸುಜಾತನಿಗೆ ಹೆದ್ರಿಕೆ ಇಲ್ಲ, ಅವಳು ನರ್ಸು, ದಿನಾ ಇಂಗ್ಲಿಷಲ್ಲೇ ಸೂಜಿ ಚುಚ್ಚುದು. ಸಮಸ್ಯೆ ನನ್ನದೇ. ನಾನು ಬಾಯಿ ಬಿಟ್ರೆ ಸೀಟು ಹೋದ ಹಾಗೆ” ಎಂದರು ಭಾಸ್ಕರಣ್ಣ. ಇಂಗ್ಲಿಷಿನವರ ಮಾತು ಅವರ ಕಿವಿಗೆ ಬೀಳಲಿ, ರೂಢಿಯಾಗಲಿ ಎಂದು ನಾನೇ ಡಿವಿಡಿ ಹಾಕಿದೆ. ಅಥವಾ ಅವರೇ ಕೇಳಿದರೋ. ಅವರ ಮನೆಯಲ್ಲಿ ಡಿವಿಡಿ ಪ್ಲೇಯರ್ ಇರಲಿಲ್ಲ, ಅಷ್ಟಂತೂ ಖಂಡಿತ.

ಹಾಗೆ ನಾಲ್ಕೋ ಐದೋ ಶುಕ್ರವಾರ ಅವರು ಬಂದರು. ಊಟ ಮುಗಿಸಿ, ಕೆಳಗಿನ ‘ಕೋಲ್ಡ್ ಸ್ಟೋರ್’ ಎಂಬ ಕಿರಾಣಿ ಅಂಗಡಿಯಿಂದ ಕಡಲೆಕಾಯಿ ಬೀಜದ ಪೊಟ್ಟಣ ತೆಗೆದುಕೊಂಡು, ಕುರ್ಚಿ ಇದ್ದರೂ ಜಮಖಾನೆಯ ಮೇಲೆಯೇ ಕೂರುತ್ತಿದ್ದರು. ಕೈಯಲ್ಲಿ ರಿಪೇರಿಯ ವಿವರ ಬರೆಯುವ ಗ್ಯಾರೇಜಿನ ಜಾಬ್ ಕಾರ್ಡಿನ ಪುಸ್ತಕ, ಕಿವಿಯ ಮೇಲೆ ಪೆನ್ನು. ನಡುನಡುವೆ ಏನನ್ನೋ ಬರೆದುಕೊಳ್ಳುತ್ತಿದ್ದರು. ನಾನು ಎರಡು ನಿಮಿಷಕ್ಕೊಮ್ಮೆ ರಿಮೋಟು ಒತ್ತಿ ನಿಲ್ಲಿಸಿ ವಿವರಿಸುತ್ತಿದ್ದೆ: ಈ ಉಚ್ಚಾರ ಯಾರದ್ದು, ಆ ಟೈ ಏನು ಹೇಳುತ್ತದೆ. ಭಾಸ್ಕರಣ್ಣ ತಲೆಯಾಡಿಸುತ್ತಿದ್ದರು.

ಇಲ್ಲಿ ನನ್ನ ತಪ್ಪು ಬರುತ್ತದೆ. ಅವರು ಅದನ್ನೆಲ್ಲ ಪಾಠದ ಹಾಗೆ ನೋಡುತ್ತಿದ್ದಾರೆ, ಇಂಗ್ಲಿಷ್ ಶಾಲೆಯವರು ಹೀಗೆಯೇ ಇರುತ್ತಾರೆ, ಅಲ್ಲಿ ಹೀಗೆಯೇ ನಡೆದುಕೊಳ್ಳಬೇಕು ಎಂದು ನಂಬಿ ಬರೆದುಕೊಳ್ಳುತ್ತಿದ್ದಾರೆ ಎಂದು ನನಗೆ ಎರಡನೇ ಶುಕ್ರವಾರವೇ ಅನ್ನಿಸಿತು. ಇದು ಗೇಲಿ, ಇದನ್ನು ನಂಬಿ ಹೋಗಬೇಡಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಹೇಳದೆ ಒಳಗೊಳಗೇ ನಕ್ಕೆ. “ಕಾಲು ತುಳೀರಿ, ನಾನು ಮೊದ್ಲೇ ಸಾರಿ ಹೇಳ್ತೇನಾ ನೋಡಿ” ಎಂದು ಅವರು ಎದ್ದು ನಿಂತಾಗ ತುಳಿದೆ, ಬೂಟೋ ಬರಿಗಾಲೋ. ಸಂದರ್ಶನಕ್ಕೆ ಹೋಗಿ ಅವರು ಕಪ್ಪು ನಿಲುವಂಗಿಯ ಯಾರದ್ದೋ ಮುಂದೆ ಕಾಲು ಚಾಚಿ ನಿಂತ ಚಿತ್ರ ಕಣ್ಣ ಮುಂದೆ ಬಂದು, ನಗು ತಡೆಯಲು ಅಡುಗೆಮನೆಗೆ ಹೋದೆ.

ಹೀಗೆಂದು ನನ್ನ ನೆನಪು. ವಿಮಲಾಳ ನೆನಪು ಬೇರೆ. “ಹೇಳಲಿಲ್ಲ ಅಂತ ಯಾರು ಹೇಳಿದ್ದು? ಒಂದು ಗಂಟೆ ಹೇಳಿದ್ರಿ. ವಿಡಂಬನೆ ಅಂದ್ರಿ, ವರ್ಗಪ್ರಜ್ಞೆ ಅಂದ್ರಿ. ಅವರನ್ನ ನೆಟ್ಟಗೆ ನಗೋಕೇ ಬಿಡಲಿಲ್ಲ ನೀವು” ಎನ್ನುತ್ತಾಳೆ. ಜಾಬ್ ಕಾರ್ಡಿನ ಬಗ್ಗೆಯೂ ಅವಳದು ಬೇರೆ ಮಾತು. ಅದರಲ್ಲಿ ಅವರು ಬರೆದುಕೊಳ್ಳುತ್ತಿದ್ದದ್ದು ಶನಿವಾರ ತರಬೇಕಾದ ಬಿಡಿಭಾಗಗಳ ಪಟ್ಟಿಯಂತೆ. “ಆಯಿಲ್ ಫಿಲ್ಟರು ಎರಡು ಅಂತ ನಾನೇ ನೋಡಿದೀನಿ, ಲೋಟ ತೆಗೆಯೋವಾಗ.” ಇನ್ನೂ ಒಂದನ್ನು ಅವಳು ಹೇಳುತ್ತಾಳೆ. ಟೀವಿಯೊಳಗೆ ಜನರ ನಗು ಕೇಳುವುದಕ್ಕೆ ಮೊದಲೇ ಭಾಸ್ಕರಣ್ಣ ನಗುತ್ತಿದ್ದರಂತೆ. ಅದು ನನಗೂ ನೆನಪಿದೆ. ಹೆದರಿಕೆಯಿಂದ ಹಾಗೆ, ಎಲ್ಲಿ ನಗಬೇಕೆಂದು ತಿಳಿಯದೆ ಮೊದಲೇ ನಕ್ಕುಬಿಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ.

ಸಂದರ್ಶನ ನಡೆದದ್ದು ಮಾರ್ಚ್ ತಿಂಗಳಲ್ಲಿ. ಮುಗಿಸಿದ ಭಾಸ್ಕರಣ್ಣ ಸುಜಾತಕ್ಕನನ್ನು ಆಸ್ಪತ್ರೆಯ ಹತ್ತಿರ ಇಳಿಸಿ ಸೀದಾ ನಮ್ಮ ಮನೆಗೆ ಬಂದರು. ಬೂದು ಬಣ್ಣದ ಪ್ಯಾಂಟಿನ ಮೇಲೆ, ತೊಡೆಯ ಹತ್ತಿರ, ದೊಡ್ಡ ಒದ್ದೆ ಕಲೆ. ಅಷ್ಟು ದೂರ ಕಾರಿನಲ್ಲಿ ಬಂದರೂ ಒಣಗಿರಲಿಲ್ಲವೇ ಎಂದು ಈಗ ಕೇಳಿಕೊಳ್ಳುತ್ತೇನೆ. ಒಂದು ಚೆಂಬು ನೀರೇ ಬಿದ್ದಿದ್ದರೆ ಒಣಗಿರಲಾರದು. ಇರಲಿ, ಕಲೆಯನ್ನು ವಿಮಲಾ ಕೂಡ ನೋಡಿದ್ದಾಳೆ.

“ಎಂತ ಆಯ್ತು ಭಾಸ್ಕರಣ್ಣ?” ಎಂದು ಅವರದೇ ಧಾಟಿಯಲ್ಲಿ ಕೇಳಿದೆ.

“ನೀರು ಬಿತ್ತು ಮಾರಾಯ್ರೆ. ಹೆಡ್‌ಮಿಸ್ಟ್ರೆಸ್ಸು ಫೈಲು ತೆಗೀಲಿಕ್ಕೆ ಹೋದದ್ದು, ಮೊಣಕೈ ತಾಗಿ ಮೇಜಿನ ಮೇಲಿದ್ದ ಜಗ್ಗೇ ಕವುಚಿ ಬಿತ್ತು. ಪೂರಾ ನನ್ನ ಮೇಲೆ.”

“ಆಮೇಲೆ?”

“ಆಮೇಲೆ ಎಂತದು. ಆ ಹೆಂಗ್ಸು ಬಿಳಿ ಕಾಗದ ಆಯ್ತು. ಸುಜಾತ ಕರ್ಚೀಫು ಹುಡುಕ್ತಾ ಇದ್ದಾಳೆ. ನಾನು ಎದ್ದು ನಿಂತು, ‘ಸಾರಿ ಮೇಡಂ, ನಿಮ್ಮ ನೀರಿನ ದಾರಿಗೆ ನನ್ನ ಪ್ಯಾಂಟು ಅಡ್ಡ ಬಂತು’ ಅಂತ ಹೇಳಿದೆ. ಇಂಗ್ಲಿಷಲ್ಲೇ.”

ಬಾಗಿಲಲ್ಲಿ ನಿಂತಿದ್ದ ವಿಮಲಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ. “ಅವರು ಏನಂದ್ರು?” ಎಂದು ಕೇಳಿದ್ದು ವಿಮಲಾ.

“ಒಂದು ಸಲ ನನ್ನನ್ನು ನೋಡಿದ್ರು. ಮತ್ತೆ ನಗ್ಲಿಕ್ಕೆ ಶುರು ಮಾಡಿದ್ರು ನೋಡಿ, ಕನ್ನಡ್ಕ ತೆಗ್ದು ಕಣ್ಣು ಒರ್ಸಿಕೊಳ್ಳುವಷ್ಟು. ಅಲ್ಲಿಂದ ಮೇಲೆ ಪೂರಾ ನನ್ನ ಹತ್ರವೇ ಮಾತು. ಸುಜಾತನ ಹತ್ರ ಒಂದೂ ಕೇಳ್ಲಿಲ್ಲ.” ಇದನ್ನು ಹೇಳುವಾಗ ಅವರ ಮುಖ ಹೇಗಿತ್ತು ಎಂದು ನಾನು ನೋಡಲಿಲ್ಲ. ನೋಡಿದ್ದರೆ ಮರೆತಿದ್ದೇನೆ.

ಹತ್ತು ದಿನದೊಳಗೆ ಕಾಗದ ಬಂತು. ಅಕ್ಷತಾಗೆ ಸೀಟು ಸಿಕ್ಕಿತ್ತು. ಭಾಸ್ಕರಣ್ಣ ಹಲ್ವಾದ ಡಬ್ಬಿ ತಂದು ಕೊಟ್ಟು, “ಎಲ್ಲ ನಿಮ್ಮ ಟೀವಿಯ ಮಹಿಮೆ ಮಾಷ್ಟ್ರೇ” ಎಂದರು. ನಾನು ಆ ಮಾತನ್ನು ನಂಬಿದೆ. ಯಾರ ಮಾತನ್ನೂ ನಂಬದವನು ಅದೊಂದನ್ನು ಕಣ್ಣು ಮುಚ್ಚಿ ನಂಬಿದೆ.

ಅಲ್ಲಿಂದ ಇದು ನನ್ನ ಕತೆಯಾಯಿತು. ಗಲ್ಫಿನಲ್ಲಿ ಪ್ರತಿಯೊಬ್ಬನ ಹತ್ತಿರವೂ ಊಟದ ಮನೆಗಳಲ್ಲಿ ಹೇಳಲು ಒಂದೆರಡು ಪಳಗಿದ ಕತೆ ಇರುತ್ತವೆ. ನನ್ನದು ಇದು. ಹಾಸ್ಯವನ್ನು ಪಠ್ಯವೆಂದು ತಿಳಿದು ಉರು ಹೊಡೆದ ಗ್ಯಾರೇಜಿನ ಯಜಮಾನರು, ಡಿವಿಡಿಯ ಸಾಲನ್ನು ಹೆಡ್‌ಮಿಸ್ಟ್ರೆಸ್ಸಿನ ಮುಂದೆ ಹಾಗೆಯೇ ಒಪ್ಪಿಸಿದ್ದು, ಪಾಪ ಆಕೆ ಅದನ್ನು ಚಮತ್ಕಾರವೆಂದು ಭ್ರಮಿಸಿ ಸೀಟು ಕೊಟ್ಟದ್ದು. ಹೇಳುತ್ತ ಹೇಳುತ್ತ ಕತೆಗೆ ಹೊಳಪು ಬಂತು. ಜಮಖಾನೆಯ ಮೇಲೆ ಬೂಟು ಬಂದದ್ದು ಬಹುಶಃ ಹೀಗೆಯೇ, ಮೂರನೆಯದೋ ನಾಲ್ಕನೆಯದೋ ಸಲ ಹೇಳುವಾಗ. ಕೇಳಿದವರು ನಗುತ್ತಿದ್ದರು. ಕೊನೆಯಲ್ಲಿ ನಾನು ಗಂಭೀರನಾಗಿ, ವರ್ಗ ಎಂಬುದು ಹೇಗೆ ಕಣ್ಣು ಕಟ್ಟುತ್ತದೆ ಎಂದು ಒಂದು ಮಾತು ಸೇರಿಸುತ್ತಿದ್ದೆ.

ಹತ್ತು ವರ್ಷದ ಮೇಲೆ, ರಾಜ್ಯೋತ್ಸವದ ಊಟ. ನಮ್ಮ ಮೇಜಿನಲ್ಲಿ ಬೆಂಗಳೂರಿನಿಂದ ಹೊಸದಾಗಿ ಬಂದ ಗಂಡ ಹೆಂಡತಿ, ಮಗುವಿಗೆ ಯಾವ ಶಾಲೆ ಎಂಬ ಚಿಂತೆಯಲ್ಲಿದ್ದವರು. ಎದುರಿಗೆ ಭಾಸ್ಕರಣ್ಣ, ಪಕ್ಕದಲ್ಲಿ ಹದಿನೈದರ ಅಕ್ಷತಾ. ಶಾಲೆಯ ಮಾತು ಬಂದದ್ದೇ ತಡ, ನಾನು ಶುರು ಮಾಡಿದೆ. “ನೋಡಿ, ಇವರ ಕತೆ ಕೇಳಬೇಕು ನೀವು” ಎಂದು ಭಾಸ್ಕರಣ್ಣನ ಕಡೆ ಬೆರಳು ತೋರಿಸಿ, ಬೆಂಗಳೂರಿನವರಿಗೆ ಹೇಳತೊಡಗಿದೆ. ಭಾಸ್ಕರಣ್ಣ ಪಾಯಸ ತಿನ್ನುತ್ತ ಮುಗುಳ್ನಗುತ್ತಿದ್ದರು. ಪ್ಯಾಂಟಿನ ಸಾಲು ಬಂತು. ಬೆಂಗಳೂರಿನ ದಂಪತಿ ನಕ್ಕರು. ಗಂಡ, “ಸೂಪರ್ ಸಾರ್” ಎಂದ, ನನ್ನನ್ನು ನೋಡಿ.

ಅಕ್ಷತಾ ಚಮಚ ಕೆಳಗಿಟ್ಟಳು. “ಅಂಕಲ್, ಒಂದು ಡೌಟ್. ಆ ಲೈನ್ ಡಿವಿಡಿಯಲ್ಲಿ ಯಾವ ಸೀನಲ್ಲಿ ಉಂಟು?”

“ಅದೇಮ್ಮಾ, ಕಾಲು ತುಳಿಯೋದಾದ ಮೇಲೆ, ಇನ್ನೊಂದು ಬರುತ್ತಲ್ಲ…”

“ನೀವು ನೋಡಿದ್ದೀರಾ?”

“ಎಷ್ಟು ಸಲ! ಒಟ್ಟಿಗೇ ನೋಡಿದ್ದು, ನಿಮ್ಮಪ್ಪನೂ ನಾನೂ.”

“ಇಲ್ಲ ಅಂಕಲ್, ಡಿವಿಡಿ ಅಲ್ಲ. ಆ ಲೈನ್. ಪ್ಯಾಂಟ್, ವಾಟರ್. ಅದನ್ನು ನೋಡಿದ್ದೀರಾ?”

ಅವಳ ದನಿಯಲ್ಲಿ ಜಗಳ ಇರಲಿಲ್ಲ. ನಾನು ಗ್ರಾಹಕರಿಗೆ ಕೇಳುವ ದನಿ ಅದು. ಎಡಗಡೆಯಿಂದ ಗುದ್ದಿದ್ದು ಅಂತೀರಿ, ಗೀರು ಬಲಗಡೆ ಇದೆಯಲ್ಲ?

ನಾನು ಏನೂ ಹೇಳುವ ಮೊದಲೇ ಭಾಸ್ಕರಣ್ಣ, “ಬಿಡು ಮಗಾ. ಮಾಷ್ಟ್ರು ಹೇಳಿದ್ರೆ ಕೇಳ್ಲಿಕ್ಕೆ ಚಂದ. ನನ್ನ ಬಾಯಲ್ಲಿ ಇಷ್ಟು ಚಂದ ಬರ್ಲಿಲ್ಲ ಅದು” ಎಂದು ಅವಳ ಎಲೆಗೆ ತಮ್ಮ ಹೋಳಿಗೆಯನ್ನು ಹಾಕಿದರು. ಮಾತು ಬೇರೆಡೆಗೆ ಹೋಯಿತು.

ಮನೆಗೆ ಬರುವಾಗ ಕಾರು ಸಿತ್ರಾ ಸೇತುವೆ ದಾಟಿತು. ವಿಮಲಾ, “ಒಂದು ಬಂಪರಿಗೆ ಮೂರು ಫೋಟೋ ಕೇಳೋರು ನೀವು. ಮನುಷ್ಯನ ಮಾತಿಗೆ ಒಂದೂ ಕೇಳಲಿಲ್ಲ” ಎಂದಳು.

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳು ಹೇಳಿದ್ದು ಸರಿಯಾಗಿದ್ದರಿಂದ. ಆ ಸಾಲು ಡಿವಿಡಿಯಲ್ಲಿ ಇದ್ದರೆ ನಾನು ಒಬ್ಬ ಸ್ನೇಹಿತನ ಪೆದ್ದುತನವನ್ನು ಹತ್ತು ವರ್ಷ ಊರೆಲ್ಲ ಹಂಚಿದ ಸಾಧಾರಣ ಬಾಯಿಬಡುಕ. ಇಲ್ಲದಿದ್ದರೆ? ಒದ್ದೆ ಪ್ಯಾಂಟಿನಲ್ಲಿ, ಮಗಳ ಸೀಟು ಕೈತಪ್ಪುವ ಹೆದರಿಕೆಯ ನಡುವೆ, ಗೊತ್ತಿಲ್ಲದ ಭಾಷೆಯಲ್ಲಿ, ಅರೆಕ್ಷಣದಲ್ಲಿ ಅಂಥ ಮಾತನ್ನು ಹುಟ್ಟಿಸಿದವರಿಂದ ಆ ಮಾತನ್ನು ಕಿತ್ತುಕೊಂಡು ಯಾವನೋ ಇಂಗ್ಲಿಷಿನವನ ಜೇಬಿಗೆ ಹಾಕಿದವನು ನಾನು. ಗಾಡಿ ಬಿಚ್ಚಿದ್ದು ಒಬ್ಬರು, ಶಹಬ್ಬಾಸ್ ಕೌಂಟರಿಗೆ.

ಮರುದಿನ ಫೋನು ಮಾಡಿದೆ. “ಭಾಸ್ಕರಣ್ಣ, ಆ ಪ್ಯಾಂಟಿನ ಮಾತು ಇದೆಯಲ್ಲ, ಅದು ನಿಮಗೆ ಎಲ್ಲಿಂದ ಬಂತು?”

ಆ ಕಡೆ ಯಾವುದೋ ಎಂಜಿನ್ನು ಗುರುಗುಟ್ಟುತ್ತಿತ್ತು. “ಯಾವ ಮಾತು? ಓ ಅದಾ. ಎಷ್ಟು ವರ್ಷ ಆಯ್ತು ಮಾರಾಯ್ರೆ, ಯಾರಿಗೆ ನೆನಪು? ನಿಮ್ಮ ಡಿವಿಡಿಯಲ್ಲೇ ಇತ್ತೋ ಏನೋ.”

“ಇತ್ತಾ?”

“ನೀವು ಉಂಟು ಅಂತೀರಲ್ಲ. ಹಾಗಾದ್ರೆ ಉಂಟು” ಎಂದು ನಕ್ಕರು. “ನಿಮ್ಮ ಗಾಡಿದು ಏಸಿ ಸರಿ ಆಯ್ತಾ? ತಕೊಂಡು ಬನ್ನಿ ಒಮ್ಮೆ.”

ನನಗೆ ತಪ್ಪಿಸಿಕೊಳ್ಳಲು ಬಾಗಿಲು ತೆರೆದು ಹಿಡಿದಿದ್ದರು. ನಾನು ಅವರ ಕಾಲು ತುಳಿಯುವ ಮೊದಲೇ ಅವರೇ ಸಾರಿ ಹೇಳಿದ ಹಾಗಿತ್ತು.

ನಾವು ಹೂರಾ ಬಿಟ್ಟು ಸನದ್‌ಗೆ ಬಂದು ಆಗಲೇ ಮೂರು ವರ್ಷ. ಬಿಚ್ಚದ ಪೆಟ್ಟಿಗೆಗಳು ಇನ್ನೂ ಇದ್ದವು. ಒಂದರಲ್ಲಿ, ಉಣ್ಣೆಯ ಟೋಪಿಯೊಳಗೆ ಬೆಚ್ಚಗೆ, ಆ ಎರಡು ಡಿವಿಡಿ ಸಿಕ್ಕವು. ರಬ್ಬರ್ ಬ್ಯಾಂಡು ಮುಟ್ಟಿದೊಡನೆ ಪುಡಿಯಾಯಿತು. ಪ್ಲೇಯರ್ ಯಾವತ್ತೋ ಕೆಟ್ಟು ಹೋಗಿತ್ತು. ಮಗನ ಲ್ಯಾಪ್‌ಟಾಪಿನಲ್ಲಿ ಡಿಸ್ಕು ಹಾಕುವ ಜಾಗವೇ ಇಲ್ಲ. “ಅಪ್ಪಾ, ಇದನ್ನ ಈಗ ಯಾರು ನೋಡ್ತಾರೆ?” ಎಂದು ಅವನು ನಕ್ಕ. ಮನಾಮದ ಹಳೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಹೊರಗಿನಿಂದ ಜೋಡಿಸುವ ಡ್ರೈವು ಸಿಕ್ಕಿತು. ಶುಕ್ರವಾರ ಊಟವಾದ ಮೇಲೆ, ಅದೇ ಹೊತ್ತಿಗೆ, ನೋಡಲು ಕೂತೆ. ಕೈಯಲ್ಲಿ ನೋಟ್‌ಪುಸ್ತಕ. ರಿಮೋಟು ಇರಲಿಲ್ಲ. ಇದ್ದರೂ ಮುಟ್ಟುತ್ತಿರಲಿಲ್ಲ.

ವಿವರಿಸುವವರು ಯಾರೂ ಇಲ್ಲದೆ ನೋಡಿದರೆ ಅದು ಬೇಗ ಬೇಗ ಓಡುತ್ತದೆ. ಎಷ್ಟೋ ಕಡೆ ನನ್ನ ವಿವರಣೆಯೇ ತಪ್ಪಾಗಿತ್ತೆಂದು ಕಂಡಿತು. ಜಮೀನ್ದಾರನೆಂದು ನಾನು ಹೇಳುತ್ತ ಬಂದವನು ಪಾದ್ರಿ. ಹೆಡ್‌ಮಾಸ್ಟರು ಕಪ್ಪು ನಿಲುವಂಗಿ ಹಾಕಿಯೇ ಇಲ್ಲ, ಕಂದು ಕೋಟು. ಭಾಸ್ಕರಣ್ಣ ಮೊದಲೇ ನಗುತ್ತಿದ್ದ ಜಾಗಗಳಲ್ಲಿ ಕೆಲವು ನೆನಪಿದ್ದವು. ಅಲ್ಲೆಲ್ಲ ನೋಡಿದೆ. ನಗು ನಿಜವಾಗಿ ಹುಟ್ಟುವುದು ಅಲ್ಲಿಯೇ, ನಟ ಇನ್ನೂ ಬಾಯಿ ತೆರೆಯುವ ಮೊದಲು, ಅವನ ಮುಖದಲ್ಲಿ. ಟೀವಿಯ ಜನ ಸ್ವಲ್ಪ ತಡವಾಗಿ ನಗುತ್ತಾರೆ. ನಾನು ಅವರಿಗಿಂತಲೂ ತಡವಾಗಿ.

ಭಾಸ್ಕರಣ್ಣ ಆ ಮಾತನ್ನು ಬೇರೆಲ್ಲಾದರೂ ಕೇಳಿರಬಹುದಲ್ಲ ಎಂಬ ಅನುಮಾನ ಈಗಲೂ ಒಮ್ಮೊಮ್ಮೆ ತಲೆಯೆತ್ತುತ್ತದೆ. ನನ್ನ ಅನುಮಾನಕ್ಕೆ ಯಾವ ಶಾಲೆಯಲ್ಲೂ ಸೀಟು ಸಿಗುತ್ತದೆ. ಕಾಲು ತುಳಿದೆನೋ ಇಲ್ಲವೋ, ಗೇಲಿ ಎಂದು ಹೇಳಿದೆನೋ ಇಲ್ಲವೋ, ಜಾಬ್ ಕಾರ್ಡಿನಲ್ಲಿ ಪಾಠವಿತ್ತೋ ಆಯಿಲ್ ಫಿಲ್ಟರಿತ್ತೋ, ಯಾವುದನ್ನೂ ನಾನು ಇನ್ನು ಖಚಿತಪಡಿಸಲಾರೆ. ಒಂದನ್ನು ಮಾತ್ರ ಪರೀಕ್ಷಿಸಿದ್ದೇನೆ. ಎರಡೂ ಡಿವಿಡಿಗಳನ್ನು ಮೊದಲಿನಿಂದ ಕೊನೆಯವರೆಗೆ, ಪರದೆಯ ಕೆಳಗೆ ಮಾತಿನ ಅಕ್ಷರ ಹಾಕಿಕೊಂಡು, ಎರಡು ಸಲ ನೋಡಿದ್ದೇನೆ. ಅದರಲ್ಲಿ ಎಲ್ಲಿಯೂ ನೀರು ಚೆಲ್ಲುವುದಿಲ್ಲ. ಯಾರ ಪ್ಯಾಂಟೂ ಒದ್ದೆಯಾಗುವುದಿಲ್ಲ. ಆ ಮಾತು ಅದರಲ್ಲಿ ಇಲ್ಲ.